ಬಾನೆಟ್ ಮೇಲೆ ಅಂಗೈ

ಅಮ್ಮನ ಮಂಡಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ನಮ್ಮ ಮನೆಯಲ್ಲಿ ಕಾರು ಬೇಕೇ ಬೇಡವೇ ಎಂಬ ಚರ್ಚೆ ತಾನಾಗಿಯೇ ಮುಗಿದುಹೋಯಿತು. ಸ್ಕೂಟರ್ ಹತ್ತಿ ಕೂರುವುದು ಅವಳಿಂದ ಸಾಧ್ಯವಿರಲಿಲ್ಲ. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಹೋಗಲೇಬೇಕಿತ್ತು. ಹೊಸ ಕಾರಿನ ಲೆಕ್ಕ ಹಾಕಿ ನೋಡಿದೆ, ಕೈಗೆಟುಕುವಂತಿರಲಿಲ್ಲ. ಹೊಸ ಕಾರು ತನ್ನ ಬೆಲೆಯ ದೊಡ್ಡ ಪಾಲನ್ನು ಮೊದಲ ಕೆಲವು ವರ್ಷಗಳಲ್ಲೇ ಕಳೆದುಕೊಳ್ಳುತ್ತದೆ. ಆ ನಷ್ಟವನ್ನು ಬೇರೆ ಯಾರೋ ಆಗಲೇ ಹೊತ್ತು ಮುಗಿಸಿರುವ, ಇನ್ನೂ ಹತ್ತು ವರ್ಷ ಓಡುವ ತ್ರಾಣವಿರುವ ಒಂದು ಸಣ್ಣ ಕಾರು ನನಗೆ ಬೇಕಿತ್ತು. ಎರಡು ವಾರದಲ್ಲಿ ಸಿಗುತ್ತದೆ ಎಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು. ಹದಿನಾಲ್ಕು ಕಾರುಗಳನ್ನು ನೋಡಿದೆ.

ಹಳೆಯ ಕಾರಿನ ವಿಷಯ ಬಂದರೆ ಎಲ್ಲರೂ ಮೊದಲು ಕೇಳುವುದು ಮೈಲೇಜ್ ಎಷ್ಟು ಎಂದು. ನಾನೂ ಅಲ್ಲಿಂದಲೇ ಶುರು ಮಾಡಿದೆ. ನಮ್ಮ ಓಡಾಟ ವರ್ಷಕ್ಕೆ ಸುಮಾರು 9,000 ಕಿಲೋಮೀಟರ್. ಲೀಟರಿಗೆ 18 ಕಿಲೋಮೀಟರ್ ಕೊಡುವ ಕಾರಿಗೆ ವರ್ಷಕ್ಕೆ 500 ಲೀಟರ್ ಪೆಟ್ರೋಲ್ ಬೇಕು, 22 ಕೊಡುವ ಕಾರಿಗೆ ಸುಮಾರು 409 ಲೀಟರ್. ವ್ಯತ್ಯಾಸ 91 ಲೀಟರ್, ಅಂದರೆ ಸಣ್ಣ ಕಾರಿನ ಸುಮಾರು ಎರಡೂವರೆ ಟ್ಯಾಂಕ್. ಕಾಗದದ ಮೇಲೆ ಇಷ್ಟು ಬರೆದುಕೊಂಡಾಗ ನನ್ನ ಹುಡುಕಾಟದ ದಿಕ್ಕೇ ಬದಲಾಯಿತು. ಒಂದು ಕ್ಲಚ್ ಸೆಟ್ ಬದಲಿಸಿ ಕೂಲಿ ಕೊಟ್ಟರೆ ಇಡೀ ವರ್ಷದ ಆ ಉಳಿತಾಯ ಕೊಚ್ಚಿಕೊಂಡು ಹೋಗುತ್ತದೆ. ಮಿತವ್ಯಯದ ಕಾರು ಎಂದರೆ ಕಡಿಮೆ ಪೆಟ್ರೋಲ್ ಕುಡಿಯುವ ಕಾರು ಎಂದು ತಿಳಿದಿದ್ದೆ. ಗ್ಯಾರೇಜಿನ ಬಾಗಿಲಿಗೆ ಹೆಚ್ಚು ಹೋಗದ ಕಾರು ಎಂಬ ಅರ್ಥ ಅಂದು ಹೊಳೆಯಿತು. ಕಂಪನಿಗಳು ಹೇಳುವ ಮೈಲೇಜ್ ಕೂಡ ಪ್ರಯೋಗಾಲಯದ ರೋಲರುಗಳ ಮೇಲೆ ಅಳೆದದ್ದು. ಹಳೆಯ ಪರೀಕ್ಷೆಯ ಅಂಕಿಗೂ ರಸ್ತೆಯ ಮೇಲಿನ ಅಂಕಿಗೂ ಅಂತರ ಬಹಳವಾದ್ದರಿಂದಲೇ ಯುರೋಪಿನಲ್ಲಿ 2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆಯನ್ನು ತಂದರು. ಆದ್ದರಿಂದ ಜಾಹೀರಾತಿನ ಅಂಕಿಯ ಮೇಲೆ ಒಂದೆರಡು ಕಿಲೋಮೀಟರಿಗಾಗಿ ಜಗ್ಗಾಡುವುದನ್ನು ಅಲ್ಲಿಗೇ ಬಿಟ್ಟೆ.

ಡೀಸೆಲ್ ಕಾರುಗಳನ್ನು ಪಟ್ಟಿಯಿಂದ ಅಳಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈಚಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಕಾರು ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಿ ಬಿಸಿಯೇರಿದಾಗ ಆ ಮಸಿ ಸುಟ್ಟುಹೋಗಬೇಕು. ನಮ್ಮದು ಏಳೆಂಟು ಕಿಲೋಮೀಟರಿನ ಓಡಾಟ. ಆ ಫಿಲ್ಟರ್ ಕಟ್ಟಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್, ಕೈಯಿಂದ ಹಾಕುವ ಐದು ಗೇರು, ಎಲ್ಲ ಕಡೆ ಬಿಡಿಭಾಗ ಸಿಗುವಷ್ಟು ಮಾರಾಟವಾದ ಕಾರು ಎಂದು ತೀರ್ಮಾನಿಸಿದೆ. ಯಾರಿಸ್, ಜಾಝ್, ಸ್ವಿಫ್ಟ್, ಐ10 ಇಂಥ ಹೆಸರುಗಳು ಪಟ್ಟಿಯಲ್ಲಿ ಉಳಿದವು. ಜಾಝ್ ಮೇಲೆ ನನಗೆ ವಿಶೇಷ ಕಣ್ಣಿತ್ತು. ಅದರ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟುಗಳ ಕೆಳಗೆ ಇರುವುದರಿಂದ ಹಿಂದಿನ ಸೀಟುಗಳು ಪೂರ್ತಿ ಮಡಚಿಕೊಂಡು ದೊಡ್ಡ ಜಾಗ ಕೊಡುತ್ತವೆ. ಅಮ್ಮನ ವಾಕರ್ ನಿಲ್ಲಿಸಿಯೇ ಇಡಬಹುದಿತ್ತು.

ಒಂದೇ ಹೆಸರಿನ ಕಾರಿನೊಳಗೆ ಎರಡು ಬೇರೆ ಬೇರೆ ಎಂಜಿನ್ ಇರಬಹುದು ಎಂಬುದು ನನಗೆ ಗೊತ್ತಿರಲಿಲ್ಲ. 2007ರಲ್ಲಿ ಬಂದ ಮೊದಲ ತಲೆಮಾರಿನ ಐ10ರ 1.1 ಲೀಟರ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇದೆ, 1.2 ಲೀಟರಿನ ಕಪ್ಪಾ ಎಂಜಿನ್ನಿನಲ್ಲಿ ಚೈನ್ ಇದೆ. ಎರಡರ ಕೆಲಸವೂ ಒಂದೇ, ಪಿಸ್ಟನ್ನಿನ ಚಲನೆಗೆ ಸರಿಯಾಗಿ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚಿಸುವುದು. ಬೆಲ್ಟ್ ರಬ್ಬರಿನದು. ಹೇಳಿದ ಅವಧಿಗೆ ಬದಲಿಸದೆ ಅದು ಓಡುವಾಗ ತುಂಡಾದರೆ ಬಹುತೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಬಂದು ವಾಲ್ವಿಗೆ ಬಡಿಯುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಚೈನ್ ಉಕ್ಕಿನದು, ಎಂಜಿನ್ ಇರುವಷ್ಟು ಕಾಲ ಬಾಳಬೇಕು. ಆದರೆ ಅದು ಆಯಿಲ್‌ನಲ್ಲೇ ಬದುಕುತ್ತದೆ. ಆಯಿಲ್ ಬದಲಿಸದೆ ಓಡಿಸಿದವರ ಕಾರಿನಲ್ಲಿ ಅದು ಸವೆದು ಸಡಿಲವಾಗುತ್ತದೆ. ಬೆಲ್ಟ್ ಇರುವ ಕಾರು ಬೇಡ ಎಂದು ನಾನೇನೂ ನಿರ್ಧರಿಸಲಿಲ್ಲ. ಬದಲಿಸಿದ್ದಕ್ಕೆ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು, ಆ ಖರ್ಚನ್ನು ಕಾರಿನ ಬೆಲೆಗೆ ಸೇರಿಸಿ ನೋಡುತ್ತಿದ್ದೆ. ಇದಲ್ಲದೆ, ಕೈಯಲ್ಲಿದ್ದ ಹಣವನ್ನು ಐದು ಪಾಲು ಮಾಡಿ ಒಂದು ಪಾಲನ್ನು ಬೇರೆಯೇ ಇಟ್ಟೆ. ಅದು ಕಾರು ಕೊಂಡ ಮೊದಲ ತಿಂಗಳಿನ ರಿಪೇರಿಗೆ. ಎಷ್ಟೇ ಆಸೆಯಾದರೂ ಅದನ್ನು ಮುಟ್ಟಬಾರದು ಎಂದು ಹೆಂಡತಿಯ ಕೈಗೆ ಕೊಟ್ಟುಬಿಟ್ಟೆ.

ಮೊದಲ ಕಾರನ್ನು ನೋಡಿದ ಕೂಡಲೇ ನನಗೆ ಇಷ್ಟವಾಯಿತು. ಗಾಢ ನೀಲಿ ಬಣ್ಣ, ಹೊಳೆಯುವ ಚಕ್ರದ ಮುಚ್ಚಳಗಳು, ಒಳಗೆ ಸುಗಂಧ. ಮಾರುವವರು ಕಾರನ್ನು ಹೊರಗೆ ನಿಲ್ಲಿಸಿಕೊಂಡೇ ಕಾದಿದ್ದರು. ಎಂಜಿನ್ ಒಂದೇ ತಿರುವಿಗೆ ಎದ್ದಿತು. ಹತ್ತು ನಿಮಿಷ ಓಡಿಸಿದೆ, ಎಲ್ಲವೂ ನಯವಾಗಿತ್ತು. ಇನ್ನಿಬ್ಬರು ಸಂಜೆ ಬರುವವರಿದ್ದಾರೆ, ಮುಂಗಡ ಕೊಟ್ಟರೆ ಅವರಿಗೆ ಬೇಡ ಎನ್ನುತ್ತೇನೆ ಎಂದರು. ನನ್ನ ಕೈ ಜೇಬಿಗೆ ಹೋಗಿತ್ತು. ಹೆಂಡತಿ ನನ್ನ ತೋಳು ಹಿಡಿದು, ‘ನಾಳೆ ಹೇಳುತ್ತೇವೆ’ ಎಂದಳು. ಆ ಒಂದು ಮಾತಿಗೆ ನಾನು ಅವಳಿಗೆ ಇಂದಿಗೂ ಋಣಿ.

ಸಂಜೆ ನಮ್ಮ ಸ್ಕೂಟರ್ ನೋಡಿಕೊಳ್ಳುವ ಮೆಕ್ಯಾನಿಕ್ ಬಳಿ ಹೋದೆ. ಅವರು ಕಾರುಗಳ ಕೆಲಸವನ್ನೂ ಮಾಡುತ್ತಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರು. ಎಲ್ಲವನ್ನೂ ವಿವರಿಸಿದೆ. ಅವರು ಬಣ್ಣ ಕೇಳಲಿಲ್ಲ, ಮೈಲೇಜ್ ಕೇಳಲಿಲ್ಲ.

‘ನೀವು ಹೋದಾಗ ಎಂಜಿನ್ ತಣ್ಣಗಿತ್ತೇ?’

‘ಗಮನಿಸಲಿಲ್ಲ ಅಣ್ಣ.’

‘ಹಾಗಾದರೆ ನೀವು ಕಾರನ್ನು ನೋಡಿಯೇ ಇಲ್ಲ. ನಾಳೆ ಬೆಳಗ್ಗೆ, ಅವರು ಸ್ಟಾರ್ಟ್ ಮಾಡುವುದಕ್ಕೆ ಮೊದಲು ಹೋಗಿ. ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿದ್ದರೆ ಮಾತ್ರ ಕೀಲಿ ಕೇಳಿ.’

ಮರುದಿನ ಬೆಳಗ್ಗೆ ಆರೂವರೆಗೇ ಹೋದೆ. ಮಾರುವವರಿಗೆ ಅದು ಹಿಡಿಸಲಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. ಅಂಗೈ ಇಟ್ಟೆ, ಲೋಹ ತಣ್ಣಗಿತ್ತು. ಕೀಲಿ ತಿರುಗಿಸಿದಾಗ ಎಂಜಿನ್ ಒಳಗಿನಿಂದ ಡಬ್ಬಿಯಲ್ಲಿ ಮೊಳೆಗಳನ್ನು ಹಾಕಿ ಅಲ್ಲಾಡಿಸಿದಂಥ ಶಬ್ದ ಬಂತು. ಐದಾರು ಸೆಕೆಂಡು ಹಾಗೇ ಇದ್ದು ನಿಂತುಹೋಯಿತು. ಹಿಂದೆ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಉಂಡೆ ಎದ್ದು ಕರಗಿತು. ಸಡಿಲವಾದ ಚೈನ್ ಆಯಿಲ್ ಒತ್ತಡ ಏರುವವರೆಗೆ ಹಾಗೆ ಬಡಿದುಕೊಳ್ಳುತ್ತದೆ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ ಎಂದರ್ಥ. ಒಮ್ಮೆ ಬಿಸಿಯಾದ ಮೇಲೆ ಈ ಎರಡೂ ಅಡಗಿಕೊಳ್ಳುತ್ತವೆ. ಹಿಂದಿನ ದಿನ ನಾನು ಹೋಗುವ ಮೊದಲೇ ಅವರು ಕಾರನ್ನು ಬಿಸಿ ಮಾಡಿಟ್ಟಿದ್ದರು ಎಂಬುದು ಆಗ ಅರ್ಥವಾಯಿತು. ಆ ಬೆಳಗಿನ ನಂತರ ನೋಡಿದ ಪ್ರತಿಯೊಂದು ಕಾರಿಗೂ, ‘ದಯವಿಟ್ಟು ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಫೋನಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಆದರೂ ಮೂರು ಕಡೆ ಬಾನೆಟ್ ಬೆಚ್ಚಗಿತ್ತು. ಮೂರು ಕಡೆಯೂ ನಮಸ್ಕಾರ ಹೇಳಿ ಹಿಂದಿರುಗಿದೆ.

ಅಷ್ಟರಲ್ಲಿ ಮೆಕ್ಯಾನಿಕ್ ಹೇಳಿಕೊಟ್ಟ ಇನ್ನಷ್ಟು ಸಂಗತಿಗಳು ನನ್ನ ನೋಟ್‌ಬುಕ್ಕಿನಲ್ಲಿ ತುಂಬಿದ್ದವು. ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿಚು ಲೇಪ ಕಂಡರೆ ಕೂಲೆಂಟ್, ಅಂದರೆ ಎಂಜಿನ್ನನ್ನು ತಣಿಸುವ ದ್ರವ, ಆಯಿಲ್‌ಗೆ ಸೇರುತ್ತಿರಬಹುದು. ತೀರ ಹತ್ತಿರದ ಓಡಾಟಕ್ಕಷ್ಟೇ ಬಳಸಿದ ಕಾರಿನಲ್ಲಿ ಬರೀ ತೇವದಿಂದಲೂ ಅದು ಕಟ್ಟಬಹುದು, ಆದ್ದರಿಂದ ಕೂಲೆಂಟ್ ಮಟ್ಟವನ್ನೂ ಸೇರಿಸಿ ನೋಡಬೇಕು. ಬಿಳಿ ಹೊಗೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಅನುಮಾನಿಸಬೇಕು. ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿದಾಗ ಟಕ್‌ಟಕ್ ಎಂದರೆ ಡ್ರೈವ್ ಶಾಫ್ಟಿನ ಕೀಲು ಹೋಗಿದೆ. ವೇಗ ಹೆಚ್ಚಿದಂತೆ ಹೆಚ್ಚುವ ಗುಂಯ್‌ಗುಟ್ಟುವ ಸದ್ದು ಚಕ್ರದ ಬೇರಿಂಗಿನದಿರಬಹುದು. ಮೇಲಿನ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಮಾತ್ರ ಕೂಗಿ ಕಾರು ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಇವೆಲ್ಲವನ್ನು ಬಾಯಿಪಾಠ ಮಾಡಿದರೂ ನಾನು ಮೆಕ್ಯಾನಿಕ್ ಆಗಲಿಲ್ಲ. ಆದರೆ ಯಾವ ಕಾರನ್ನು ಅವರವರೆಗೆ ಒಯ್ಯಬೇಕು, ಯಾವುದನ್ನು ಅಲ್ಲಿಯೇ ಬಿಡಬೇಕು ಎಂಬಷ್ಟು ತಿಳಿವಳಿಕೆ ಬಂತು.

ಐದನೆಯದು ಒಬ್ಬ ವ್ಯಾಪಾರಿಯ ಅಂಗಳದಲ್ಲಿ ನಿಂತಿತ್ತು. ಏಳು ವರ್ಷದ ಬಿಳಿ ಹ್ಯಾಚ್‌ಬ್ಯಾಕ್, ಮೀಟರಿನಲ್ಲಿ 38,000 ಕಿಲೋಮೀಟರ್. ಬಾನೆಟ್ ತಣ್ಣಗಿತ್ತು, ಎಂಜಿನ್ ಸದ್ದಿನಲ್ಲೂ ದೋಷ ಕಾಣಲಿಲ್ಲ. ಆದರೆ ಚಾಲಕನ ಸೀಟಿನಲ್ಲಿ ಕೂತಾಗ ಕಾಲಿಗೆ ಏನೋ ಬೇರೆಯಾಗಿ ಹತ್ತಿತು. ಬಗ್ಗಿ ನೋಡಿದೆ. ಕ್ಲಚ್ ಪೆಡಲಿನ ರಬ್ಬರಿನ ಗೆರೆಗಳೆಲ್ಲ ಸವೆದು, ಒಂದು ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿತ್ತು. ಬ್ರೇಕ್ ಪೆಡಲಿನದು ಮಾತ್ರ ಹೊಚ್ಚ ಹೊಸದು. ಸ್ಟೇರಿಂಗ್ ಚಕ್ರದ ಮೇಲ್ಭಾಗದಲ್ಲಿ ಕೈ ಹಿಡಿಯುವ ಎರಡು ಕಡೆ ಮಾತ್ರ ಎಣ್ಣೆ ಹಚ್ಚಿದಂತೆ ನುಣುಪು. ಸೀಟಿನ ಬಾಗಿಲ ಬದಿಯ ಅಂಚು ಕುಸಿದು, ಹೊಲಿಗೆ ಬಿಟ್ಟಿತ್ತು. 38,000 ಕಿಲೋಮೀಟರಿಗೆ ಹೀಗಾಗುವುದಿಲ್ಲ. ಬಾನೆಟ್ ಎತ್ತಿ ಹುಡುಕಿದಾಗ ಏರ್ ಫಿಲ್ಟರ್ ಪೆಟ್ಟಿಗೆಯ ಬದಿಯಲ್ಲಿ, ಅರ್ಧ ಹರಿದ ಒಂದು ಚೀಟಿ ಕಂಡಿತು. ಆಯಿಲ್ ಬದಲಿಸಿದವರು ಅಂಟಿಸುವ ಚೀಟಿ. ಪೆನ್ನಿನಲ್ಲಿ ಬರೆದ ದಿನಾಂಕ ಅಳಿಸಿತ್ತು. ಅಂಕಿ ಮಾತ್ರ ಓದಲು ಬರುತ್ತಿತ್ತು: 87,400.

ವ್ಯಾಪಾರಿಗೆ ಆ ಚೀಟಿಯನ್ನು ತೋರಿಸಿದೆ. ಅದು ಬೇರೆ ಕಾರಿನ ಪೆಟ್ಟಿಗೆ ಇರಬೇಕು, ಬದಲಿಸಿದ್ದಾರೆ ಎಂದರು. ನಾನು ವಾದ ಮಾಡಲಿಲ್ಲ. 87,400 ಕಿಲೋಮೀಟರ್ ಓಡಿದ ಕಾರನ್ನು ನಾನು ಕೊಳ್ಳುವುದಿಲ್ಲ ಎಂದೇನೂ ಇರಲಿಲ್ಲ. ಚೆನ್ನಾಗಿ ನೋಡಿಕೊಂಡ ಸಣ್ಣ ಪೆಟ್ರೋಲ್ ಎಂಜಿನ್ನಿಗೆ ಅದೇನೂ ಮುಪ್ಪಲ್ಲ. ಆದರೆ ಮೀಟರ್ ತಿರುಗಿಸಿದ ಕಾರಿನ ಯಾವ ಮಾತನ್ನೂ ನಂಬುವಂತಿಲ್ಲ. ಬೆಲ್ಟ್ ಯಾವಾಗ ಬದಲಾಯಿತು, ಗೇರ್ ಆಯಿಲ್ ಎಷ್ಟು ಹಳೆಯದು, ಇವೆಲ್ಲಕ್ಕೂ ಅಳತೆಗೋಲು ಆ ಮೀಟರೇ ತಾನೆ? ಈ ಕಾರಿನ ಮಾಡೆಲ್ಲನ್ನು ನೆನಪಿಟ್ಟುಕೊಂಡೆ.

ನಡುವೆ ಮೂರು ವಾರ ಏನೂ ಗಿಟ್ಟಲಿಲ್ಲ. ಒಂದರ ಬಾಗಿಲಿನ ಮೇಲೆ ಬಣ್ಣದ ದಪ್ಪ ಅಳೆಯುವ ಉಪಕರಣ ಇಟ್ಟಾಗ 600 ಮೈಕ್ರಾನ್ ತೋರಿಸಿತು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150ರ ಆಸುಪಾಸು ಇರುತ್ತದೆ, ಇದರ ಬಣ್ಣದ ಕೆಳಗೆ ತಗ್ಗು ಮುಚ್ಚುವ ಲಪ್ಪ (ಪುಟ್ಟಿ) ತುಂಬಿದ್ದರು. ಇನ್ನೊಂದರ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದಾಗ ಒಳಭಾಗದಲ್ಲಿ ಕೆಸರು ನೀರಿನ ಕಲೆ ಅಡ್ಡಗೆರೆಯಾಗಿ ನಿಂತಿತ್ತು. ಮತ್ತೊಂದು ಎಲ್ಲ ರೀತಿಯಿಂದಲೂ ಸರಿಯಿತ್ತು, ಹೆಂಡತಿಗೂ ಮೆಚ್ಚುಗೆಯಾಗಿತ್ತು. ಆದರೆ ಕಾಗದಪತ್ರದಲ್ಲಿ ಹಳೆಯ ಸಾಲ ಇನ್ನೂ ಕಾರಿನ ಮೇಲೆಯೇ ಇತ್ತು. ಹಣ ಕೊಡಿ, ತೀರಿಸಿ ಪತ್ರ ತರುತ್ತೇನೆ ಎಂದರು. ಪತ್ರ ತನ್ನಿ, ಹಣ ಕೊಡುತ್ತೇನೆ ಎಂದೆ. ಮಾತುಕತೆ ಅಲ್ಲಿಗೇ ನಿಂತಿತು.

ಒಂಬತ್ತನೆಯ ಕಾರನ್ನು ಮರೆಯಲಾರೆ. ಅದನ್ನು ಮೆಕ್ಯಾನಿಕ್ ಬಳಿಗೇ ಒಯ್ದಿದ್ದೆವು, ಮಾರುವ ಯುವಕನೂ ಜೊತೆಗಿದ್ದ. ನೋಡಲು ಚೊಕ್ಕ, ಓಡಿಸಲು ಚೊಕ್ಕ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಸರಿಯಾಗಿ ಹತ್ತಿ ಸರಿಯಾಗಿ ಆರಿತು. ಮೆಕ್ಯಾನಿಕ್ ಸ್ಟೇರಿಂಗಿನ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಚುಚ್ಚಿದರು. ದೋಷದ ಸಂಕೇತ ಒಂದೂ ಇಲ್ಲ. ನನಗೆ ಸಮಾಧಾನವಾಯಿತು. ಅವರು ಮಾತ್ರ ಇನ್ನೂ ಎರಡು ಪುಟ ಮುಂದೆ ಹೋಗಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ದೋಷಗಳನ್ನು ಅಳಿಸಿದ ಮೇಲೆ ಕಾರು ಓಡಿದ ದೂರ: 11 ಕಿಲೋಮೀಟರ್.

ಎಂಜಿನ್ನಿನ ಕಂಪ್ಯೂಟರ್ ಹೊಗೆ ಶುದ್ಧಿ ಮಾಡುವ ಕನ್ವರ್ಟರ್, ಆಮ್ಲಜನಕ ಅಳೆಯುವ ಸೆನ್ಸರ್ ಮುಂತಾದವುಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿರುತ್ತದೆ. ನೆನಪನ್ನು ಅಳಿಸಿದರೆ ಆ ಪರೀಕ್ಷೆಗಳೆಲ್ಲ ಮೊದಲಿನಿಂದ ಆಗಬೇಕು, ಅದಕ್ಕೆ ಕೆಲವು ದಿನಗಳ ಓಡಾಟ ಬೇಕು. ಆ ಕಾರಿನಲ್ಲಿ ಅವು ಇನ್ನೂ ಅಪೂರ್ಣ ಎಂದೇ ತೋರಿಸುತ್ತಿದ್ದವು. ಯುವಕ ಬ್ಯಾಟರಿ ಬದಲಿಸಿದೆ ಎಂದ. ಬ್ಯಾಟರಿ ಕಳಚಿದರೂ ನೆನಪು ಅಳಿಸುವುದುಂಟು, ಆದ್ದರಿಂದ ಅವನು ಸುಳ್ಳು ಹೇಳಿದ ಎಂದು ನಾನು ಬರೆಯಲಾರೆ. ಮೆಕ್ಯಾನಿಕ್ ಕೂಡ ಗದರಲಿಲ್ಲ. ‘ಹಾಗಿದ್ದರೆ ಒಳ್ಳೆಯದೇ ಆಯಿತಪ್ಪ. ಒಂದು ವಾರ ಎಂದಿನಂತೆ ಓಡಿಸಿಕೊಂಡು ಬಾ, ಮತ್ತೆ ನೋಡೋಣ. ಆಗಲೂ ಹೀಗೇ ಇದ್ದರೆ ಇವರು ಕೊಳ್ಳುತ್ತಾರೆ’ ಎಂದರು. ಯುವಕ ಆಗಲಿ ಎಂದು ಹೋದ. ಮತ್ತೆ ಬರಲಿಲ್ಲ, ಫೋನ್ ಮಾಡಿದರೆ ಎತ್ತಲಿಲ್ಲ.

ಆ ರಾತ್ರಿ ನನಗೆ ಸಾಕಾಗಿತ್ತು. ಅಮ್ಮ ಆಗಲೇ ಎರಡು ತಿಂಗಳಿಂದ ಬಾಡಿಗೆ ಕಾರುಗಳಲ್ಲಿ ಹೋಗಿಬರುತ್ತಿದ್ದಳು. ‘ಏನೋ ಒಂದು ತಗೋ, ನನಗೇನು ಸಿಂಹಾಸನ ಬೇಕಾಗಿಲ್ಲ’ ಎಂದಳು. ಅವಳ ಆ ಮಾತೇ ನನ್ನನ್ನು ತಡೆಯಿತು. ಏನೋ ಒಂದನ್ನು ಕೊಂಡು, ಒಂದು ದಿನ ಅವಳನ್ನು ದಾರಿ ನಡುವೆ ನಿಲ್ಲಿಸಿಕೊಂಡು ಗ್ಯಾರೇಜಿಗೆ ಫೋನ್ ಮಾಡುವ ಚಿತ್ರ ಕಣ್ಣ ಮುಂದೆ ಬಂತು.

ಹದಿನಾಲ್ಕನೆಯದನ್ನು ಮಾರುತ್ತಿದ್ದವರು ನಿವೃತ್ತ ಶಿಕ್ಷಕಿ. ಕಣ್ಣಿನ ದೃಷ್ಟಿ ಕಡಿಮೆಯಾದ್ದರಿಂದ ಓಡಿಸುವುದನ್ನು ಬಿಟ್ಟಿದ್ದರು. ಕಾರು ನೋಡಿ ಮೊದಲು ಮನಸ್ಸು ಮುದುಡಿತು. ಎಡ ಬಾಗಿಲಿನಲ್ಲಿ ಅಂಗೈಯಗಲದ ತಗ್ಗು, ಹಿಂದಿನ ಬಂಪರಿನ ಬಣ್ಣ ಬಿಸಿಲಿಗೆ ಬೆಳ್ಳಗಾಗಿತ್ತು. ಮೀಟರಿನಲ್ಲಿ 81,260 ಕಿಲೋಮೀಟರ್. ಅದು ನಾನು ವ್ಯಾಪಾರಿಯ ಅಂಗಳದಲ್ಲಿ ನೋಡಿದ ಬಿಳಿ ಕಾರಿನದೇ ಮಾಡೆಲ್, ಅದೇ ವರ್ಷದ್ದು, ಅದೇ ಎಂಜಿನ್. ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಂದೇ ಕಾರ್ಖಾನೆಯಿಂದ ಒಂದೇ ವರ್ಷ ಹೊರಬಂದ ಎರಡು ಕಾರುಗಳು ಏಳು ವರ್ಷಗಳಲ್ಲಿ ಎಷ್ಟು ಬೇರೆಯಾಗಬಲ್ಲವು ಎಂಬುದನ್ನು ಕಣ್ಣಾರೆ ನೋಡಿದ ಮೇಲೆ, ಹೆಸರನ್ನು ಹಿಡಿದುಕೊಂಡು ಹುಡುಕಿ ಎಂದು ಯಾರಿಗೂ ಹೇಳಲು ನನಗೆ ಮನಸ್ಸಿಲ್ಲ.

ಅಂಗೈ ಇಟ್ಟೆ. ಬಾನೆಟ್ ತಣ್ಣಗಿತ್ತು.

‘ನೀವು ಹೇಳಿದ್ದಿರಲ್ಲ, ಸ್ಟಾರ್ಟ್ ಮಾಡಬೇಡಿ ಎಂದು. ನಿನ್ನೆಯಿಂದ ಮುಟ್ಟಿಲ್ಲ’ ಎಂದರು.

ಒಳಗೆ ಹೋಗಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದರು. ಹಾಜರಿ ಪುಸ್ತಕದಂತೆ ಸ್ಕೇಲಿನಿಂದ ಗೆರೆ ಎಳೆದ ಕಾಲಮ್ಮುಗಳು: ದಿನಾಂಕ, ಕಿಲೋಮೀಟರ್, ಎಷ್ಟು ಲೀಟರ್, ಏನು ಕೆಲಸ. ಮೊದಲ ದಿನದಿಂದ ಹಾಕಿಸಿದ ಪ್ರತಿ ಲೀಟರ್ ಪೆಟ್ರೋಲ್ ಅದರಲ್ಲಿತ್ತು. ಆಯಿಲ್ ಬದಲಿಸಿದ ದಿನಗಳ ಕೆಳಗೆ ಕೆಂಪು ಗೆರೆ, ಅದರ ರಸೀದಿ ಪುಟಕ್ಕೆ ಅಂಟಿಸಿತ್ತು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಗಿತ್ತು. ಗಾಳಿಯ ತೇವವನ್ನು ಹೀರಿಕೊಂಡು ಅದರ ಕುದಿಬಿಂದು ಇಳಿಯುತ್ತದೆ ಎಂಬುದು ಗೊತ್ತಿರುವವರೇ ಕಡಿಮೆ, ಮಾರುವ ಕಾರಿನಲ್ಲಿ ಅದನ್ನು ಬದಲಿಸಿದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾಲ್ಕನೆಯ ವರ್ಷದ ಒಂದು ಪುಟದಲ್ಲಿ ‘ಬಾಗಿಲು. ಗೇಟಿಗೆ ತಾಗಿತು. ನನ್ನದೇ ತಪ್ಪು’ ಎಂದು ಬರೆದಿತ್ತು. ಆ ತಗ್ಗು ಅದು.

‘ಅದನ್ನು ಸರಿ ಮಾಡಿಸಬಹುದಿತ್ತಲ್ಲ ಅಮ್ಮಾ?’

‘ಅದರಿಂದ ಕಾರು ಓಡುವುದಕ್ಕೇನು ತೊಂದರೆ? ಆ ದುಡ್ಡಿನಲ್ಲಿ ಮುಂದಿನ ಎರಡು ಟೈರ್ ಹಾಕಿಸಿದೆ’ ಎಂದರು.

ಕೀಲಿ ತಿರುಗಿಸಿದೆ. ಎಂಜಿನ್ ಎದ್ದು, ಅರ್ಧ ನಿಮಿಷ ಸ್ವಲ್ಪ ಜೋರಾಗಿ ಗುನುಗಿ, ತಾನಾಗಿಯೇ ಇಳಿದು ಸಮವಾಯಿತು. ಹೆಂಡತಿ ಹಿಂದೆ ನಿಂತು ನೋಡಿ, ಹೊಗೆ ಇಲ್ಲ ಎಂದು ತಲೆಯಾಡಿಸಿದಳು. ಪೆಡಲುಗಳ ರಬ್ಬರ್ ಸವೆದಿತ್ತು, 81,260ಕ್ಕೆ ಎಷ್ಟು ಸವೆಯಬೇಕೋ ಅಷ್ಟು.

ಇಷ್ಟಾದರೂ ಮೆಕ್ಯಾನಿಕ್ ಬಳಿಗೆ ಒಯ್ಯದೆ ಕೊಳ್ಳುವುದಿಲ್ಲ ಎಂದು ಸಂಕೋಚದಿಂದಲೇ ಹೇಳಿದೆ. ‘ಒಯ್ಯಲೇಬೇಕು. ನಾನೂ ಬರುತ್ತೇನೆ, ಅವರು ಏನು ಹೇಳುತ್ತಾರೋ ನನಗೂ ತಿಳಿಯಲಿ’ ಎಂದು ಹಿಂದಿನ ಸೀಟಿನಲ್ಲಿ ಕೂತರು. ಮೆಕ್ಯಾನಿಕ್ ಕಾರನ್ನು ಲಿಫ್ಟಿನ ಮೇಲೆ ಎತ್ತಿ ಮುಕ್ಕಾಲು ಗಂಟೆ ನೋಡಿದರು. ಮುಂದಿನ ಬಲ ಶಾಕ್ ಅಬ್ಸಾರ್ಬರಿನಿಂದ ಆಯಿಲ್ ಸೋರುತ್ತಿತ್ತು. ಚಕ್ರವನ್ನು ಹಿಡಿದಿಡುವ ಲೋಯರ್ ಆರ್ಮಿನ ರಬ್ಬರ್ ಬುಶ್ಶುಗಳು ಬಿರುಕು ಬಿಟ್ಟಿದ್ದವು. ಹಿಂದಿನ ಟೈರುಗಳ ಮೇಲಿನ ಗೆರೆಗಳು ಇನ್ನೂ ಬೇಕಾದಷ್ಟು ಆಳವಾಗಿದ್ದವು, ಆದರೆ ಬದಿಯಲ್ಲಿ ಅಚ್ಚಾದ ನಾಲ್ಕಂಕಿಯ ಗುರುತನ್ನು ಮೆಕ್ಯಾನಿಕ್ ಬೆರಳಿಟ್ಟು ತೋರಿಸಿದರು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಕಾರಿನ ಜೊತೆಗೇ ಬಂದ, ಏಳು ವರ್ಷ ದಾಟಿದ ಟೈರುಗಳವು, ಬದಿಯಲ್ಲಿ ಕೂದಲೆಳೆಯ ಬಿರುಕುಗಳಿದ್ದವು. ಸ್ಕ್ಯಾನರಿನಲ್ಲಿ ದೋಷವಿರಲಿಲ್ಲ, ಸ್ವಯಂ ಪರೀಕ್ಷೆಗಳೆಲ್ಲ ಪೂರ್ಣ ಎಂದಿತ್ತು. ಕೊನೆಗೆ ಚಾಸಿ ಸಂಖ್ಯೆಯ ಹದಿನೇಳು ಅಂಕಿ ಅಕ್ಷರಗಳನ್ನು ಕಾಗದದ ಜೊತೆ ಒಂದೊಂದಾಗಿ ಹೋಲಿಸಿದೆವು. 1 ಮತ್ತು 0 ಜೊತೆ ಗೊಂದಲವಾಗದಿರಲೆಂದು ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ ಎಂಬುದನ್ನು ಆಗ ತಿಳಿದೆ.

ಅದೇ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿ, ವಾಪಸು ಕರೆದು ಸರಿಪಡಿಸಬೇಕಾದ ಕೆಲಸ ಏನಾದರೂ ಬಾಕಿ ಇದೆಯೇ ಎಂದೂ ನೋಡಿದೆ. ಇದನ್ನು ಯಾರೂ ಬಿಡಬಾರದು. ಟಕಾಟಾ ಕಂಪನಿಯ ಏರ್‌ಬ್ಯಾಗ್ ಇನ್‌ಫ್ಲೇಟರುಗಳು ವರ್ಷಗಟ್ಟಲೆ ಸೆಖೆ, ತೇವಗಳಿಗೆ ಸಿಕ್ಕಿ, ಅಪಘಾತದ ಹೊತ್ತಿನಲ್ಲಿ ಸಿಡಿದು ಲೋಹದ ಚೂರುಗಳನ್ನು ಎಸೆದು ಪ್ರಾಣ ತೆಗೆದದ್ದರಿಂದ, ಹಲವು ಕಂಪನಿಗಳ ಕೋಟಿಗಟ್ಟಲೆ ಕಾರುಗಳನ್ನು ಜಗತ್ತಿನಾದ್ಯಂತ ವಾಪಸು ಕರೆಯಲಾಯಿತು. ಬದಲಿಸಿಕೊಳ್ಳದ ಕಾರುಗಳು ಕೈಯಿಂದ ಕೈಗೆ ಮಾರಾಟವಾಗುತ್ತ ಇನ್ನೂ ಓಡುತ್ತಿವೆ. ಅಮ್ಮ ಕೂರುವ ಸೀಟಿನ ಮುಂದೆಯೂ ಒಂದು ಏರ್‌ಬ್ಯಾಗ್ ಇರುತ್ತದಲ್ಲ. ನಮ್ಮ ಸಂಖ್ಯೆಗೆ ಏನೂ ಬಾಕಿ ಇರಲಿಲ್ಲ.

ಚೌಕಾಸಿ ಎಂದು ಏನೂ ನಡೆಯಲಿಲ್ಲ. ಮೆಕ್ಯಾನಿಕ್ ಶಾಕ್ ಅಬ್ಸಾರ್ಬರ್ ಜೋಡಿ, ಬುಶ್, ಎರಡು ಟೈರ್, ಕೂಲಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಒಂದು ಶಾಕ್ ಅಬ್ಸಾರ್ಬರ್ ಹೋದರೆ ಎರಡನ್ನೂ ಬದಲಿಸಬೇಕಂತೆ, ಇಲ್ಲದಿದ್ದರೆ ಕಾರು ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ ಆಗುತ್ತದೆ. ಶಿಕ್ಷಕಿ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಕೂಡಿಸಿ ನೋಡಿ, ‘ಟೈರ್ ನಾನು ಹಾಕಿಸಬೇಕಿತ್ತು, ಅದನ್ನು ಪೂರ್ತಿ ಕಳೆಯಿರಿ. ಉಳಿದದ್ದರಲ್ಲಿ ಅರ್ಧ’ ಎಂದರು. ಹೆಂಡತಿಯ ಬಳಿ ಇಟ್ಟಿದ್ದ ಐದನೆಯ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು. ಅದರಲ್ಲಿ ಎಂಜಿನ್ ಆಯಿಲ್, ಫಿಲ್ಟರುಗಳು, ಕೂಲೆಂಟ್ ಎಲ್ಲವನ್ನೂ ಒಮ್ಮೆ ಬದಲಿಸಿದೆ. ಪುಸ್ತಕದಲ್ಲಿ ಬರೆದಿದ್ದರೂ ನನ್ನ ಲೆಕ್ಕ ನನ್ನಿಂದಲೇ ಶುರುವಾಗಲಿ ಎಂದು.

ಹೆಸರು ವರ್ಗಾವಣೆಯ ಕಾಗದಗಳಿಗೆ ಸಹಿ ಹಾಕಿದ ದಿನ ಅವರು ಎರಡೂ ಕೀಲಿ, ಕೈಪಿಡಿ, ಸ್ಟೆಪ್ನಿ ಬಿಚ್ಚುವ ಸಲಕರಣೆ, ಕೊನೆಗೆ ಆ ಲೆಕ್ಕದ ಪುಸ್ತಕವನ್ನೂ ಕೊಟ್ಟರು. ಪುಸ್ತಕದಲ್ಲಿ ಇನ್ನೂ ನಲವತ್ತು ಪುಟಗಳಷ್ಟು ಖಾಲಿ ಇದ್ದವು, ಗೆರೆ ಮಾತ್ರ ಎಳೆದಿತ್ತು.

ಮೊದಲ ಟ್ಯಾಂಕನ್ನು ಪಂಪ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, 412 ಕಿಲೋಮೀಟರ್ ಓಡಿಸಿ, ಅದೇ ಪಂಪಿನಲ್ಲಿ ಮತ್ತೆ ಅಷ್ಟೇ ತುಂಬಿಸಿದೆ. 23.1 ಲೀಟರ್ ಹಿಡಿಯಿತು. ಲೀಟರಿಗೆ 17.8. ಅಮ್ಮನನ್ನು ಫಿಸಿಯೋಥೆರಪಿಗೆ ಬಿಟ್ಟು ಹೊರಗೆ ಕಾಯುತ್ತ, ಆ ಅಂಕಿಗಳನ್ನು ಶಿಕ್ಷಕಿಯ ಕೊನೆಯ ಸಾಲಿನ ಕೆಳಗೆ ಬರೆದೆ. ಬುಶ್ ಬದಲಿಸಿದ ಮೇಲೂ ಎಡಗಡೆಯಿಂದ ಒಂದು ಸಣ್ಣ ಕಿರಿಕಿರಿ ಸದ್ದು ಬರುತ್ತಿದೆ. ಅದನ್ನೂ ‘ಏನು ಕೆಲಸ’ ಎಂಬ ಕಾಲಮ್ಮಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದೇನೆ, ಶನಿವಾರ ತೋರಿಸಬೇಕು.